ಸೊಸಾಯಿಟಿಯ ಲೆಕ್ಕ ಗಣಕಯಂತ್ರಕ್ಕೆ ಏರುವಾಗ

ಅಕ್ಕಲಕೋಟೆ, ಜತ್ತ ಭಾಗದ ಅನೇಕ ರೈತರ ಬೆಳೆಸಾಲದ ಲೆಕ್ಕ ಊರಿನ ಸೊಸಾಯಿಟಿಯಲ್ಲಿರುವುದು. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ಗಣಕ ವ್ಯವಸ್ಥೆಗೆ ತರಲು ಕೇಂದ್ರ ಸರಕಾರವು 2022ರ ಜೂನ್‌ನಲ್ಲಿ 2,516 ಕೋಟಿ ರೂಪಾಯಿಗಳ ಯೋಜನೆಯನ್ನು ಮಂಜೂರು ಮಾಡಿತು. ಮಹಾರಾಷ್ಟ್ರದ ಸಂಘಗಳೂ ಇದರಲ್ಲಿ ಸೇರಿವೆ. ತಂತ್ರಾಂಶದ ಹೊಣೆ ನಬಾರ್ಡಿನದು. ಸಂಘದ ಲೆಕ್ಕವನ್ನು ಜಿಲ್ಲಾ ಮಧ್ಯವರ್ತಿ ಬ್ಯಾಂಕಿಗೆ ಜೋಡಿಸುವುದು ಇದರ ಉದ್ದೇಶ.

ಯಂತ್ರ ತಂದಿಡುವುದು ಸುಲಭ. ಕಠಿಣವಾದುದು ಹಳೆಯ ಲೆಕ್ಕ ತುಂಬುವುದು. ಗೊತ್ತುಪಡಿಸಿದ ಒಂದು ದಿನದ ಬಾಕಿಯನ್ನು ಖತಾವಣಿಯಿಂದ ಎತ್ತಿ ಬರೆಯುತ್ತಾರೆ. ನೀವು ಕಟ್ಟಿದ ಕಂತು ಖತಾವಣಿಗೆ ಏರದೆ ಪಾವತಿಯಲ್ಲಿಯೇ ಉಳಿದಿದ್ದರೆ ಯಂತ್ರಕ್ಕೆ ಅದು ತಿಳಿಯದು. ತಪ್ಪು ಬಾಕಿಯ ಮೇಲೆ ಬಡ್ಡಿಯನ್ನು ಮಾತ್ರ ತಪ್ಪಿಲ್ಲದೆ ಎಣಿಸುವುದು! ಹೆಸರಿನ ತೊಡಕು ನಮ್ಮವರಿಗೆ ಇನ್ನೂ ಹೆಚ್ಚು. ಸಾತಬಾರಾದಲ್ಲಿ ಮರಾಠಿಯಲ್ಲಿ ಒಂದು ಬಗೆ, ಆಧಾರ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಇನ್ನೊಂದು ಬಗೆ. ಮಲ್ಲಪ್ಪ ಒಂದು ಕಡೆ ಮಲಪ್ಪನಾದರೆ ಯಂತ್ರದ ಕಣ್ಣಿಗೆ ಅವರು ಇಬ್ಬರು.

ಹೊಸ ಪದ್ಧತಿ ಕುದುರುವವರೆಗೆ ಕೈಬರಹದ ಪುಸ್ತಕವನ್ನೂ ಜೊತೆಗೆ ನಡೆಸಿ ತಾಳೆ ನೋಡುವುದು ರೂಢಿ. ಆ ಅವಧಿಯಲ್ಲಿಯೇ ಪಾವತಿಗಳೊಡನೆ ಹೋಗಿ, ನಿಮ್ಮ ಖಾತೆಯ ಛಾಪಿಸಿದ ಉತಾರವನ್ನು ಕಾರ್ಯದರ್ಶಿಗಳಿಂದ ಕೇಳಿ ಪಡೆಯಿರಿ. ವ್ಯತ್ಯಾಸ ಕಂಡರೆ ಬಾಯಿಮಾತಿನಲ್ಲಿ ಹೇಳಿ ಬರಬೇಡಿರಿ. ಅರ್ಜಿ ಕೊಟ್ಟು, ಶಿಕ್ಕೆ ಹೊಡೆದ ನಕಲನ್ನು ಮನೆಯಲ್ಲಿಟ್ಟುಕೊಳ್ಳಿರಿ.