ಸ್ಕ್ರೀನ್ ಕಪ್ಪಾಯ್ತು, ಅಪ್ಪಯ್ಯನ ಮಳೆ ಲೆಕ್ಕ ಒಳಗೇ ಉಳೀತು

ಕಳೆದ ಜೂನ್ ತಿಂಗಳ ಒಂದು ರಾತ್ರಿ, ಒಂಬತ್ತು ಗಂಟೆ ಸುಮಾರಿಗೆ ತೀರ್ಥಹಳ್ಳಿ ಕಡೆಯ ನಮ್ಮ ಮನೆಯಿಂದ ಫೋನ್ ಬಂತು. ಅಪ್ಪಯ್ಯ ಸಾಮಾನ್ಯವಾಗಿ ಆ ಹೊತ್ತಿಗೆ ಫೋನ್ ಮಾಡೋರಲ್ಲ. ಎದೆ ಒಂದು ಸಲ ಧಸಕ್ ಅಂತು.

"ಮಗಾ, ನೀನು ಕೊಟ್ಟ ಲ್ಯಾಪ್‌ಟಾಪ್ ಸತ್ತು ಹೋಯ್ತು ಮಾರಾಯ. ಸಿಡಿಲು ಹೊಡೀತು, ಕರೆಂಟ್ ಹೋಯ್ತು, ಈಗ ಕರೆಂಟ್ ಬಂದಿದೆ, ಇದು ಮಾತ್ರ ಕರ್‍ರಗೆ ಕೂತಿದೆ."

ಅಪ್ಪಯ್ಯ ರಿಟೈರ್ಡ್ ಹೈಸ್ಕೂಲ್ ಗಣಿತದ ಮೇಷ್ಟ್ರು. ಮನೆ ಅಂಗಳದಲ್ಲಿ ಒಂದು ಮಳೆಮಾಪಕ ಇಟ್ಟುಕೊಂಡಿದ್ದಾರೆ. ದಿನಾ ಬೆಳಿಗ್ಗೆ ಎಂಟೂವರೆಗೆ ಕೊಡೆ ಹಿಡ್ಕೊಂಡು ಹೋಗಿ ಎಷ್ಟು ಮಿಲಿಮೀಟರ್ ಅಂತ ನೋಡಿ ಬರೆದಿಡೋದು ಅವರ ವ್ರತ. 2011ರಿಂದ ಒಂದು ದಿನ ಬಿಟ್ಟಿಲ್ಲ. ನನ್ನ ಮದುವೆ ದಿನವೂ ಪಕ್ಕದ ಮನೆಯವರಿಗೆ ಹೇಳಿ ಬರೆಸಿದ್ದರು. ಮೊದಲೆಲ್ಲ ನೋಟ್‌ಬುಕ್ಕಿನಲ್ಲಿ ಬರೀತಿದ್ದರು. ನಾನು ಹಳೇ ಲ್ಯಾಪ್‌ಟಾಪ್ ಕೊಟ್ಟ ಮೇಲೆ ಮೂರು ತಿಂಗಳು ಕೂತು ಎಲ್ಲವನ್ನೂ ಎಕ್ಸೆಲ್‌ಗೆ ಏರಿಸಿದರು. ಆಮೇಲೆ ಅಟ್ಟದ ಮೇಲಿಟ್ಟ ನೋಟ್‌ಬುಕ್ಕುಗಳಿಗೆ ಗೆದ್ದಲು ಹಿಡೀತು. ಅಂದ್ರೆ ಅಷ್ಟೂ ವರ್ಷದ ಮಳೆ ಈಗ ಇರೋದು ಆ ಒಂದೇ ಲ್ಯಾಪ್‌ಟಾಪಿನಲ್ಲಿ.

ಬ್ಯಾಕಪ್? ದಿನಾ ಆಫೀಸಿನಲ್ಲಿ ಬೇರೆಯವರ ಡೇಟಾಗೆ ಮೂರು ಮೂರು ಕಾಪಿ ಇಡಿಸೋ ಇಂಜಿನಿಯರ್ ನಾನು. ಅಪ್ಪಯ್ಯನ ಫೈಲಿಗೆ ಒಂದು ಕಾಪಿಯೂ ಇರಲಿಲ್ಲ.

ಇಂಥ ಹೊತ್ತಿನಲ್ಲಿ ನಾವೆಲ್ಲ ಮಾಡೋ ಮೊದಲ ತಪ್ಪು "ಲ್ಯಾಪ್‌ಟಾಪ್ ಹೋಯ್ತು" ಅಂದುಕೊಳ್ಳೋದು. ಸ್ಕ್ರೀನ್ ಕಪ್ಪಾಗಿದೆ ಅಂದ್ರೆ ಕಾಣಿಸ್ತಿಲ್ಲ ಅಂತ ಮಾತ್ರ ಅರ್ಥ. ಒಳಗೆ ಎಲ್ಲ ಆರಾಮಾಗಿ ನಡೀತಿರಬಹುದು. ಅದನ್ನ ತಿಳ್ಕೊಳ್ಳೋಕೆ ಯಾವ ಉಪಕರಣವೂ ಬೇಡ.

"ಅಪ್ಪಯ್ಯ, ಕ್ಯಾಪ್ಸ್ ಲಾಕ್ ಅಂತ ಒಂದು ಕೀ ಇದೆ ನೋಡಿ, ಎಡಗಡೆ. ಒತ್ತಿ. ಸಣ್ಣ ದೀಪ ಹತ್ತುತ್ತಾ?"

"ಹತ್ತಿತು. ಇನ್ನೊಂದು ಸಲ ಒತ್ತಿದರೆ ಆರಿತು."

ಅಲ್ಲಿಗೆ ಅರ್ಧ ಜೀವ ಬಂತು. ದೀಪ ಹತ್ತಿ ಆರ್ತಿದೆ ಅಂದ್ರೆ ಸಿಸ್ಟಂ ಹೆಚ್ಚುಕಮ್ಮಿ ಎಚ್ಚರವಾಗಿದೆ, ತೊಂದರೆ ಡಿಸ್‌ಪ್ಲೇ ಕಡೆಯದ್ದು. ದೀಪ ಅಲುಗದೇ ಇದ್ದಿದ್ದರೆ ಹ್ಯಾಂಗ್ ಆಗಿರಬಹುದು. ಆಗ ಚಾರ್ಜರ್ ತೆಗೆದು, ಪವರ್ ಬಟನ್ನನ್ನ ಮೂವತ್ತು ಸೆಕೆಂಡ್ ಒತ್ತಿ ಹಿಡಿದು, ಬಿಟ್ಟು, ಮತ್ತೆ ಆನ್ ಮಾಡಬೇಕು. ಎಷ್ಟೋ ಲ್ಯಾಪ್‌ಟಾಪುಗಳು ಇಷ್ಟಕ್ಕೇ ಎದ್ದು ಕೂರ್ತವೆ.

ಎರಡನೆಯದು ಒಂದು ಕೀ ಗುಂಪು: ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ. ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತೆ. ತೆರೆದಿಟ್ಟ ಫೈಲ್ ಯಾವುದೂ ಮುಚ್ಚಿ ಹೋಗಲ್ಲ. ಸ್ಲೀಪ್‌ನಿಂದ ಎಬ್ಬಿಸಿದಾಗ ಸ್ಕ್ರೀನ್ ಕಪ್ಪಗೇ ಉಳಿದರೆ ನಾನು ಮೊದಲು ಮಾಡೋದು ಇದನ್ನೇ. ಅಪ್ಪಯ್ಯನ ಹತ್ತಿರ ಮಾಡಿಸಿದೆ. 'ಟಿಕ್' ಅಂತ ಒಂದು ಸದ್ದು ಬಂತಂತೆ. ಬೆಳಕು ಬರಲಿಲ್ಲ.

ಮೂರನೆಯದು ನನಗೆ ತುಂಬ ಇಷ್ಟದ ಪರೀಕ್ಷೆ. "ಕೋಣೆ ಲೈಟ್ ಆಫ್ ಮಾಡಿ, ಮೊಬೈಲ್ ಟಾರ್ಚ್ ಹಾಕಿ ಸ್ಕ್ರೀನಿಗೆ ಓರೆಯಾಗಿ ಹಿಡೀರಿ. ಏನಾದ್ರೂ ಕಾಣುತ್ತಾ?"

ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಮಳೆ ಸುರಿಯೋ ಸದ್ದು, ಅಮ್ಮ "ಎಂತದು, ಎಂತದು" ಅಂತ ಕೇಳೋ ಸದ್ದು. ಆಮೇಲೆ ಅಪ್ಪಯ್ಯ ಹೇಳಿದರು: "ಕಾಣ್ತಿದೆ ಮಾರಾಯ! ಗಡಿಯಾರ ಕಾಣ್ತಿದೆ. ಮಸುಕು ಮಸುಕಾಗಿ."

ವಿಷಯ ಇಷ್ಟೆ. ಎಲ್‌ಸಿಡಿ ಪರದೆಗೆ ತನ್ನದೇ ಬೆಳಕಿಲ್ಲ. ಹಿಂದಿರೋ ಎಲ್‌ಇಡಿ ಸಾಲು ಬೆಳಗಿದರೆ ಚಿತ್ರ ಕಾಣುತ್ತೆ. ಟಾರ್ಚ್ ಹಾಕಿದಾಗ ಮಸುಕಾಗಿ ಚಿತ್ರ ಕಂಡರೆ ಪರದೆ ಸರಿ ಇದೆ, ಬ್ಯಾಕ್‌ಲೈಟ್‌ಗೆ ಕರೆಂಟ್ ತಲುಪ್ತಿಲ್ಲ ಅಂತ. ಬಹಳ ಸಲ ಇದಕ್ಕೆ ಕಾರಣ ಮದರ್‌ಬೋರ್ಡಿನಿಂದ ಸ್ಕ್ರೀನಿಗೆ ಹೋಗೋ ಕೇಬಲ್. ಅದು ಮುಚ್ಚಳದ ಕೀಲಿನ ಒಳಗಿಂದಲೇ ಹಾದು ಹೋಗುತ್ತೆ. ದಿನಾ ತೆಗೆದು ಮುಚ್ಚಿ, ತೆಗೆದು ಮುಚ್ಚಿ ಸವೆಯುತ್ತೆ. ಮುಚ್ಚಳ ಓರೆ ಮಾಡಿದಾಗ ಚಿತ್ರ ಬಂದು ಹೋಗಿ ಆಗ್ತಿದ್ದರೆ ಅನುಮಾನವೇ ಬೇಡ. ಅಪ್ಪಯ್ಯನಿಗೆ ಮುಚ್ಚಳದ ಒಂದೇ ಮೂಲೆ ಹಿಡಿದು ಎತ್ತೋ ಅಭ್ಯಾಸ. ಬೈಸಿಕೊಂಡದ್ದು ಮಾತ್ರ ಸಿಡಿಲು.

ಆಮೇಲೆ ಟಿವಿ. ಸೆಟ್ ಟಾಪ್ ಬಾಕ್ಸಿನ ಎಚ್‌ಡಿಎಂಐ ಕೇಬಲ್ ಕಿತ್ತು ಲ್ಯಾಪ್‌ಟಾಪಿಗೆ ಹಾಕಿಸಿದೆ. ಅಮ್ಮನ ಧಾರಾವಾಹಿ ಅರ್ಧಕ್ಕೆ ನಿಂತಿತು, ಅದರ ಮಾತು ಬೇರೆ. ಟಿವಿಯಲ್ಲಿ ತಾನಾಗಿ ಬರದಿದ್ದರೆ ವಿಂಡೋಸ್ ಕೀ ಜೊತೆ ಪಿ ಒತ್ತಿ, ಬಾಣದ ಕೀಲಿಯಿಂದ ಆಯ್ಕೆ ಬದಲಿಸಿ ಎಂಟರ್ ಕೊಡಬೇಕು. ನಮ್ಮಲ್ಲಿ ತಾನಾಗೇ ಬಂತು. ಅಪ್ಪಯ್ಯ ಪಿನ್ ಹೊಡೆದರು, ಎಕ್ಸೆಲ್ ತೆರೆದರು. ನಲವತ್ಮೂರು ಇಂಚಿನ ಟಿವಿಯಲ್ಲಿ ಆ ದಿನದ ಮಳೆ ಕಂಡಿತು.

"ಎಲ್ಲ ಇದೆ ಮಗಾ," ಅಂದರು.

"ಸರಿ, ನಾಳೆ ಪೇಟೆಗೆ ಒಯ್ದು ಕೇಬಲ್ ಹಾಕಿಸಿ," ಅಂತ ಹೇಳಿ ಫೋನ್ ಇಟ್ಟೆ.

ನಾನು ದಡ್ಡತನ ಮಾಡಿದ್ದು ಇಲ್ಲೇ. ಫೈಲ್ ಕಣ್ಣೆದುರಿಗಿತ್ತು. ಒಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ಇಲ್ಲಾಂದ್ರೆ ನನಗೊಂದು ಮೇಲ್ ಕಳಿಸಿ ಅಂತ ಹೇಳಿದ್ದರೆ ಎರಡು ನಿಮಿಷದ ಕೆಲಸ. ರಿಪೇರಿಗೆ ಕೊಡೋ ಮೊದಲು ಕಾಪಿ ಮಾಡೋದು ಅನ್ನೋದು ಹೊಳೀಲೇ ಇಲ್ಲ. ಕೇಬಲ್ ತೊಂದರೆಗೂ ಡೇಟಾಗೂ ಏನು ಸಂಬಂಧ ಅನ್ನೋ ಜಾಣತನ.

ಸಂಬಂಧ ಎರಡು ದಿನದ ಮೇಲೆ ಗೊತ್ತಾಯ್ತು. ಅಂಗಡಿಯ ಹುಡುಗ ಕೇಬಲ್ ಬದಲಿಸಿದ, ಸ್ಕ್ರೀನ್ ಬೆಳಗಿತು. ಆದರೆ ಪರೀಕ್ಷೆ ಮಾಡೋವಾಗ ಬಯೋಸ್ ಸೆಟ್ಟಿಂಗುಗಳನ್ನ ಡಿಫಾಲ್ಟ್‌ಗೆ ತಂದಿದ್ದ. ಆನ್ ಮಾಡಿದರೆ ನೀಲಿ ಪರದೆ, ಬಿಟ್‌ಲಾಕರ್ ರಿಕವರಿ ಕೀ ಕೊಡಿ ಅಂತ. 48 ಅಂಕಿಯದ್ದು.

"ಸಾರ್, ಇದಕ್ಕೆ ಏನೂ ಮಾಡಕ್ಕಾಗಲ್ಲ, ಫಾರ್ಮ್ಯಾಟ್ ಹೊಡೆದು ಕೊಡ್ತೀನಿ ಅಂತಿದ್ದಾನೆ. ಕೊಡು ಅನ್ನಲಾ?" ಅಪ್ಪಯ್ಯ ಅಂಗಡಿಯಿಂದಲೇ ಕೇಳಿದರು. ನಾನು ಮೀಟಿಂಗಿನಲ್ಲಿದ್ದೆ. ಮ್ಯೂಟ್ ಮಾಡೋದು ಮರೆತು "ಬೇಡಾ!" ಅಂತ ಕೂಗಿದ್ದು ಹನ್ನೊಂದು ಜನಕ್ಕೆ ಕೇಳಿಸಿತು.

ಆ ಹುಡುಗನದ್ದು ತಪ್ಪು ಅಂತ ನಾನು ಹೇಳಲ್ಲ. ಕೀ ಇಲ್ಲದೇ ಇದ್ದರೆ ಅವನು ಹೇಳಿದ್ದೇ ನಿಜ. ಈಚಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ನೀವು ಮೈಕ್ರೋಸಾಫ್ಟ್ ಅಕೌಂಟಿನಿಂದ ಸೈನ್ ಇನ್ ಆದ ಕೂಡಲೇ ಡಿಸ್ಕ್ ಎನ್‌ಕ್ರಿಪ್ಟ್ ಆಗಿಬಿಡುತ್ತೆ. ಕಳ್ಳ ಲ್ಯಾಪ್‌ಟಾಪ್ ಒಯ್ದರೂ ಒಳಗಿನದ್ದು ಓದಕ್ಕಾಗಬಾರದು ಅಂತ. ಒಳ್ಳೇದೇ. ಆದರೆ ಬಯೋಸ್ ಬದಲಾದರೆ, ಮದರ್‌ಬೋರ್ಡ್ ಬದಲಾದರೆ, ಸೆಕ್ಯೂರ್ ಬೂಟ್ ಸೆಟ್ಟಿಂಗ್ ಅಲುಗಾಡಿದರೆ ಅದಕ್ಕೆ ನೀವೂ ಕಳ್ಳರ ಥರಾನೇ ಕಾಣ್ತೀರಿ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೂ, ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೂ ಕೀ ಬೇಕೇ ಬೇಕು.

2024ರ ಜುಲೈ 19 ನೆನಪಿದೆಯಾ? ಕ್ರೌಡ್‌ಸ್ಟ್ರೈಕ್‌ನ ಒಂದು ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬ್ಲೂ ಸ್ಕ್ರೀನ್ ಆದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನ ಕೈಯಲ್ಲಿ ಬರೆದು ಕೊಟ್ಟರು. ಪರಿಹಾರ ಸುಲಭದ್ದು: ಸೇಫ್ ಮೋಡಿಗೆ ಹೋಗಿ ಒಂದು ಫೈಲ್ ಅಳಿಸೋದು. ಆದರೆ ಡಿಸ್ಕ್ ಲಾಕ್ ಆಗಿದ್ದ ಕಡೆಯೆಲ್ಲ ಮೊದಲು ಈ 48 ಅಂಕಿ ಹುಡುಕಬೇಕಾಗಿತ್ತು.

ನಾನೂ ಹುಡುಕಿದೆ. ಅಪ್ಪಯ್ಯನ ಹೆಸರಿನಲ್ಲಿ ನಾನೇ ಮಾಡಿಕೊಟ್ಟ ಅಕೌಂಟಿಗೆ ಲಾಗಿನ್ ಆಗಬೇಕು. ಪಾಸ್‌ವರ್ಡ್ ನೆನಪಿಲ್ಲ. ಒಟಿಪಿ ಹೋಗೋದು ಅಪ್ಪಯ್ಯನ ಹಳೇ ನಂಬರಿಗೆ, ಆ ಸಿಮ್ ರೀಚಾರ್ಜ್ ಮಾಡದೇ ಬಂದ್ ಆಗಿ ವರ್ಷವಾಗಿದೆ. ಪಾಸ್‌ವರ್ಡ್‌ಗಾಗಿ ಅಮ್ಮ ಇಡೀ ಸಂಜೆ ಹಳೇ ಡೈರಿಗಳನ್ನ ತಿರುವಿ ಹಾಕಿದರು. ಮಧ್ಯರಾತ್ರಿ ಹೊತ್ತಿಗೆ ಕೊನೆಗೂ ಒಂದು ಡೈರಿಯಲ್ಲಿ ಬರೆದಿಟ್ಟ ಪಾಸ್‌ವರ್ಡ್ ಸಿಕ್ಕಿ ಒಳಗೆ ಹೋದರೆ, ಡಿವೈಸ್ ಪಟ್ಟಿಯಲ್ಲಿ ಲ್ಯಾಪ್‌ಟಾಪ್ ಇದೆ, ಕೀ ಇಲ್ಲ.

ಅಪ್ಪಯ್ಯ ಆಗ ತುಂಬ ಸಮಾಧಾನದಿಂದ ಹೇಳಿದ ಮಾತು ನನಗೆ ಬೈದದ್ದಕ್ಕಿಂತ ಹೆಚ್ಚು ನೋವು ಮಾಡ್ತು. "ಹೋಗ್ಲಿ ಬಿಡು ಮಗಾ. ಮಳೆ ಬಂದು ಹೋಗಿದ್ದು ಹೋಯ್ತು. ಜನವರಿಯಿಂದ ಹೊಸದಾಗಿ ಬರೀತೀನಿ."

ನಿದ್ದೆ ಬರಲಿಲ್ಲ. ಎರಡು ಗಂಟೆ ಹೊತ್ತಿಗೆ ಹೊಳೀತು: ಆ ಲ್ಯಾಪ್‌ಟಾಪ್ ಮೊದಲು ಯಾರದ್ದು? ನನ್ನದು. ಅದನ್ನ ಹೊಸದಾಗಿ ತಂದಾಗ ಸೆಟ್ ಮಾಡಿದ್ದು ನನ್ನ ಅಕೌಂಟಿನಲ್ಲಿ. ಅಪ್ಪಯ್ಯನಿಗೆ ಕೊಡೋವಾಗ ಸೋಮಾರಿತನದಿಂದ ರೀಸೆಟ್ ಮಾಡದೇ ಇನ್ನೊಂದು ಯೂಸರ್ ಸೇರಿಸಿ ಕೊಟ್ಟಿದ್ದೆ. ಎನ್‌ಕ್ರಿಪ್ಶನ್ ಆನ್ ಆದಾಗ ಕೀ ಹೋಗಿ ಕೂರೋದು ಮೊದಲು ಸೆಟ್ ಮಾಡಿದವರ ಅಕೌಂಟಿನಲ್ಲಿ! ಎದ್ದು ನನ್ನ ಅಕೌಂಟ್ ತೆರೆದೆ. ರಿಕವರಿ ಕೀ ಪುಟದಲ್ಲಿ ಮೂರು ಕೀ ಇದ್ದವು. ನೀಲಿ ಪರದೆಯ ಫೋಟೋದಲ್ಲಿ ಕೀ ಐಡಿ ಅಂತ ಇರುತ್ತೆ, ಅದರ ಮೊದಲ ಎಂಟು ಅಕ್ಷರ ಎರಡನೇ ಕೀಗೆ ತಾಳೆಯಾಯ್ತು.

ಸಂಜೆಯಿಡೀ ಆ ಮುದುಕರನ್ನ ಡೈರಿ ಹುಡುಕಿಸಿದ್ದೆ. ಕೀ ನನ್ನ ಜೇಬಿನಲ್ಲೇ ಇತ್ತು.

ಬೆಳಿಗ್ಗೆ ಆರಕ್ಕೆ ಫೋನ್ ಮಾಡಿದೆ. ಮಳೆಗೆ ನೆಟ್‌ವರ್ಕ್ ಇಲ್ಲ, ವಾಟ್ಸಾಪ್ ಹೋಗ್ತಿಲ್ಲ. ಬಾಯಲ್ಲೇ ಹೇಳಬೇಕು. ಆರಾರು ಅಂಕಿಯ ಎಂಟು ಗುಂಪು. ದನಿ ಕಟ್ ಆಗಿ ಕಟ್ ಆಗಿ ಬರ್ತಿತ್ತು, ನಮ್ಮ ಭಾಷೆಯಲ್ಲಿ ಆರಕ್ಕೂ ಮೂರಕ್ಕೂ ಫೋನಿನಲ್ಲಿ ವ್ಯತ್ಯಾಸ ಗೊತ್ತಾಗಲ್ಲ. ಆಗ ಅವರಿಗೊಂದು ಗುಟ್ಟು ಹೇಳಿದೆ: "ಅಪ್ಪಯ್ಯ, ಪ್ರತಿ ಗುಂಪೂ 11ರಿಂದ ಭಾಗ ಹೋಗುತ್ತೆ. ಹಾಗೇ ಮಾಡಿರ್ತಾರೆ, ತಪ್ಪು ಹೊಡೆದರೆ ಗೊತ್ತಾಗಲಿ ಅಂತ."

ಮೇಷ್ಟ್ರಿಗೆ ಇನ್ನೇನು ಬೇಕು? ದನಿಯೇ ಬದಲಾಯ್ತು. ಉದಾಹರಣೆಗೆ ನಾನು 422686 ಅಂದೆ ಅಂತಿಟ್ಟುಕೊಳ್ಳಿ (ನಿಜವಾದದ್ದು ಹೇಳಲ್ಲ). ಅವರು 422386 ಅಂತ ಬರ್ಕೊಂಡರೆ, ಒಂದು ಬಿಟ್ಟು ಒಂದು ಕೂಡಿದಾಗ ಒಂದು ಕಡೆ 14, ಇನ್ನೊಂದು ಕಡೆ 11. "ಇಲ್ಲ ಇಲ್ಲ, ಭಾಗ ಹೋಗಲ್ಲ, ನಾಲ್ಕನೇ ಅಂಕಿ ಮತ್ತೆ ಹೇಳು" ಅಂತ ನನ್ನನ್ನೇ ತಿದ್ದಿದರು. ಎಂಟರಲ್ಲಿ ಎರಡು ಗುಂಪು ಹೀಗೇ ಸಿಕ್ಕಿಬಿದ್ದವು. ಎಂಟರ್ ಹೊಡೆದರು. ವಿಂಡೋಸ್ ಬಂತು.

ನಮ್ಮದು ಅಲ್ಲಿಗೆ ಮುಗೀತು. ಆದರೆ ಕೀ ಕೊಟ್ಟರೂ ವಿಂಡೋಸ್ ಏಳದೇ ಇರೋದೂ ಉಂಟು. ನನ್ನ ಟೀಮಿನ ಹುಡುಗಿಯೊಬ್ಬಳಿಗೆ ಹಾಗಾಗಿತ್ತು, ಅವಳ ಮನೆಸಾಲದ ಕಾಗದಗಳೆಲ್ಲ ಅದರಲ್ಲಿ. ಎರಡು ಮೂರು ಸಲ ಬೂಟ್ ಆಗೋಕೆ ಸೋತರೆ ವಿಂಡೋಸ್ ತಾನಾಗೇ ರಿಕವರಿ ಪರದೆಗೆ ಬರುತ್ತೆ. ಅಲ್ಲಿ ಟ್ರಬಲ್‌ಶೂಟ್, ಆಮೇಲೆ ಅಡ್ವಾನ್ಸ್‌ಡ್ ಆಪ್ಷನ್ಸ್. ಗಾಬರಿಯಲ್ಲಿ ಎಲ್ಲರೂ ರೀಸೆಟ್ ಒತ್ತೋಕೆ ಹೋಗ್ತಾರೆ. ದಯವಿಟ್ಟು ಅದನ್ನ ಕೊನೆಗಿಡಿ. ಮೊದಲು ಸ್ಟಾರ್ಟಪ್ ರಿಪೇರ್ ನೋಡಿ. ಅಪ್‌ಡೇಟ್ ಆದ ಮಾರನೇ ದಿನವೇ ಕೈಕೊಟ್ಟಿದ್ದರೆ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ಇದೆ. ಸಿಸ್ಟಂ ರಿಸ್ಟೋರ್ ನಿಮ್ಮ ಫೋಟೋ, ಡಾಕ್ಯುಮೆಂಟ್ ಮುಟ್ಟಲ್ಲ. ರೀಸೆಟ್‌ನಲ್ಲೂ 'ಕೀಪ್ ಮೈ ಫೈಲ್ಸ್' ಅಂದರೆ ಫೈಲ್ ಉಳಿಯುತ್ತೆ, ನೀವು ಹಾಕಿಕೊಂಡ ಸಾಫ್ಟ್‌ವೇರ್ ಹೋಗುತ್ತೆ. 'ರಿಮೂವ್ ಎವ್ರಿಥಿಂಗ್' ಹೆಸರೇ ಹೇಳುತ್ತೆ.

ಇವೆಲ್ಲದಕ್ಕೂ ಮೊದಲು ಒಂದು ಕಳ್ಳದಾರಿ. ಅದೇ ಪರದೆಯಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು 'ನೋಟ್‌ಪ್ಯಾಡ್' ಅಂತ ಟೈಪ್ ಮಾಡಿ. ನೋಟ್‌ಪ್ಯಾಡ್ ಬಂದಾಗ ಫೈಲ್, ಓಪನ್ ಒತ್ತಿ, ಕೆಳಗೆ 'ಆಲ್ ಫೈಲ್ಸ್' ಆರಿಸಿ. ಆ ಸಣ್ಣ ಕಿಟಕಿಯೊಳಗೇ ನಿಮ್ಮ ಡ್ರೈವ್‌ಗಳೆಲ್ಲ ಕಾಣ್ತವೆ. ಬೇಕಾದ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ, ಪೆನ್‌ಡ್ರೈವ್‌ಗೆ ಹೋಗಿ ಪೇಸ್ಟ್. ಎಷ್ಟಾಯ್ತು ಅಂತ ಏನೂ ತೋರಿಸಲ್ಲ, ತಾಳ್ಮೆ ಬೇಕು. ಡ್ರೈವ್ ಅಕ್ಷರಗಳು ಅದಲುಬದಲಾಗಿರಬಹುದು, ಸಿ ಅನ್ನೋದು ಡಿ ಆಗಿರಬಹುದು. ಆ ಹುಡುಗಿಯ ಕಾಗದಗಳು ಹೀಗೇ ಹೊರಗೆ ಬಂದವು. ಆಮೇಲೆ ನಿಶ್ಚಿಂತೆಯಿಂದ ರೀಸೆಟ್ ಹೊಡೆದೆವು.

ಸ್ಕ್ರೀನ್ ಮಿಣುಕುತ್ತಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆಯಿರಿ. ಅದೂ ಮಿಣುಕಿದರೆ ಡ್ರೈವರ್ ಕಡೆ ನೋಡಿ, ಅದೊಂದು ಸ್ಥಿರವಾಗಿದ್ದರೆ ಯಾವುದೋ ಆ್ಯಪ್‌ನ ಕಿತಾಪತಿ. ಗೆರೆಗಳು ಬಯೋಸ್ ಪರದೆಯಲ್ಲೂ ಕಂಡರೆ ವಿಂಡೋಸ್ ಹೊಸದಾಗಿ ಹಾಕಿ ದುಡ್ಡು ಕಳೀಬೇಡಿ, ಅದು ಹಾರ್ಡ್‌ವೇರ್.

ಮುಂದಿನ ಶನಿವಾರ ರಾತ್ರಿ ಬಸ್ಸಿಗೆ ಊರಿಗೆ ಹೋದೆ. ಮಳೆಯ ಫೈಲನ್ನ ಕ್ಲೌಡಿಗೆ ಹಾಕಿದೆ, ಒಂದು ಪೆನ್‌ಡ್ರೈವ್ ಅಮ್ಮನ ಬೀರುವಿನಲ್ಲಿ ಇಟ್ಟೆ, ಇನ್ನೊಂದು ನನ್ನ ಬ್ಯಾಗಿಗೆ. ಅಕೌಂಟಿನ ಫೋನ್ ನಂಬರ್ ಬದಲಿಸಿದೆ. 48 ಅಂಕಿ ಪ್ರಿಂಟ್ ಮಾಡಿ ತಂದಿದ್ದ ಹಾಳೆಯನ್ನ ಅಪ್ಪಯ್ಯನ ಕೈಗೆ ಕೊಟ್ಟೆ.

ಅವರು ಕನ್ನಡಕ ಹಾಕ್ಕೊಂಡು ಎಂಟೂ ಗುಂಪನ್ನ 11ರಿಂದ ಭಾಗಿಸಿ ನೋಡಿದರು. ಆಮೇಲೆ ಪಂಚಾಂಗದ ಹಿಂಬದಿಯಲ್ಲಿ ಕನ್ನಡ ಅಂಕಿಗಳಲ್ಲಿ ಬರೆದುಕೊಂಡು ನನ್ನ ಹಾಳೆಯನ್ನ ವಾಪಸ್ ಕೊಟ್ಟರು. "ಇದು ನೀನಿಟ್ಕೋ. ನಂದು ಕಳ್ಳನಿಗೆ ಸಿಕ್ಕಿದರೂ ಏನು ಅಂತ ಗೊತ್ತಾಗಲ್ಲ."

ಹೊರಗೆ ಎಂಟೂವರೆ ಆಗಿತ್ತು. ಕೊಡೆ ತಗೊಂಡು ಅಂಗಳಕ್ಕೆ ಇಳಿದರು.