ಹಾಂಗ್‌ಕಾಂಗ್: ಎರಡು ಕಾಗದ, ಮುಗಿಯದ ತಕರಾರು

1997ರ ಜುಲೈ 1ರಂದು ಹಾಂಗ್‌ಕಾಂಗ್ ಚೀನಾದ ಆಡಳಿತಕ್ಕೆ ಮರಳಿತು. ನೂರೈವತ್ತು ವರ್ಷಗಳ ಅವಮಾನ ತೊಳೆದುಹೋಯಿತು ಎನ್ನುತ್ತದೆ ಬೀಜಿಂಗ್. ನಮ್ಮನ್ನು ಒಂದು ಮಾತೂ ಕೇಳದೆ ಕೈ ಬದಲಾಯಿಸಿದರು ಎನ್ನುವವರು ಆ ಊರಲ್ಲೇ ಇದ್ದಾರೆ. ಈ ತಕರಾರು ಅರ್ಥವಾಗಬೇಕಾದರೆ ಕಾಗದಪತ್ರ ಬಿಚ್ಚಿ ನೋಡಬೇಕು.

ಅಫೀಮು ಯುದ್ಧಗಳಲ್ಲಿ ಸೋತ ಚೀನಾ 1842ರಲ್ಲಿ ಹಾಂಗ್‌ಕಾಂಗ್ ದ್ವೀಪವನ್ನೂ 1860ರಲ್ಲಿ ಕೌಲೂನಿನ ತುದಿಯನ್ನೂ ಬ್ರಿಟನ್ನಿಗೆ ಶಾಶ್ವತವಾಗಿ ಬಿಟ್ಟುಕೊಟ್ಟಿತು. 1898ರಲ್ಲಿ ಸೇರಿದ ನ್ಯೂ ಟೆರಿಟರೀಸ್ ಮಾತ್ರ 99 ವರ್ಷದ ಗುತ್ತಿಗೆ. ಒಟ್ಟು ನೆಲದಲ್ಲಿ ಸುಮಾರು ಶೇ. 86ರಷ್ಟು ಇದೇ. ಕೌಲೂನಿನಲ್ಲಿ ಬಿಟ್ಟುಕೊಟ್ಟ ನೆಲಕ್ಕೂ ಗುತ್ತಿಗೆಯ ನೆಲಕ್ಕೂ ಗಡಿ ಬೌಂಡರಿ ಸ್ಟ್ರೀಟ್ ಎಂಬ ಒಂದು ರಸ್ತೆ, ಅದೂ ಊರ ನಟ್ಟನಡುವೆ. ಅದರ ಉತ್ತರವನ್ನು ಬಿಟ್ಟುಕೊಟ್ಟು ದಕ್ಷಿಣವನ್ನು ಉಳಿಸಿಕೊಳ್ಳುವುದು ಆಗದ ಮಾತು.

ಪೇಚಿಗೆ ಮೊದಲು ಸಿಕ್ಕಿದ್ದು ಜಮೀನಿನ ವ್ಯವಹಾರ. ನ್ಯೂ ಟೆರಿಟರೀಸ್‌ನಲ್ಲಿ ಸರ್ಕಾರ ಕೊಟ್ಟಿದ್ದ ಲೀಸ್‌ಗಳು ಮೂಲ ಗುತ್ತಿಗೆಗಿಂತ ಮೂರು ದಿನ ಮೊದಲು, 1997ರ ಜೂನ್ 27ಕ್ಕೆ ಮುಗಿಯುವಂತಿದ್ದವು. ಹದಿನೈದು ವರ್ಷಕ್ಕೆ ಗೃಹಸಾಲ ಕೊಡುವ ಬ್ಯಾಂಕಿಗೆ 1982 ಬರುವಷ್ಟರಲ್ಲಿ ಚಿಂತೆ ಹತ್ತದೆ ಇರುತ್ತದೆಯೇ? ಗವರ್ನರ್ ಮ್ಯಾಕ್‌ಲೆಹೋಸ್ 1979ರಲ್ಲಿ ಬೀಜಿಂಗ್‌ಗೆ ಹೋಗಿ ಈ ವಿಷಯ ಎತ್ತಿದರು. ಹೂಡಿಕೆದಾರರು ನಿಶ್ಚಿಂತೆಯಿಂದಿರಲಿ ಎಂದ ಚೀನಾದ ನಾಯಕ ಡೆಂಗ್ ಷಿಯಾವೊಪಿಂಗ್, ಬ್ರಿಟಿಷ್ ಆಡಳಿತ ಮುಂದುವರಿಯಲು ಮಾತ್ರ ಒಪ್ಪಲಿಲ್ಲ. 1983ರಲ್ಲಿ ಎರಡು ಸರ್ಕಾರಗಳ ಮಾತುಕತೆ ಕಗ್ಗಂಟಾದಾಗ ಹಾಂಗ್‌ಕಾಂಗ್ ಡಾಲರ್ ಕುಸಿಯಿತು. ಅಮೆರಿಕದ ಒಂದು ಡಾಲರಿಗೆ 7.80 ಎಂದು ಅಕ್ಟೋಬರಿನಲ್ಲಿ ಕಟ್ಟಿಹಾಕಿದ ಮೇಲೆಯೇ ಅದು ನಿಂತದ್ದು.

1984ರ ಡಿಸೆಂಬರ್ 19ರಂದು ಎರಡೂ ಸರ್ಕಾರಗಳು ಹಸ್ತಾಂತರದ ಜಂಟಿ ಘೋಷಣೆಗೆ ಸಹಿ ಹಾಕಿದವು. ಹಾಂಗ್‌ಕಾಂಗ್ ಜನರಿಗೆ ಆ ಮೇಜಿನಲ್ಲಿ ಪ್ರತ್ಯೇಕ ಕುರ್ಚಿ ಇರಲಿಲ್ಲ; ಚೀನಾ ಅದನ್ನು ಒಪ್ಪಿರಲಿಲ್ಲ. ಇದು ಮೊದಲ ಕಾಗದ. ಎರಡನೆಯದು, 1990ರಲ್ಲಿ ಚೀನಾದ ಸಂಸತ್ತು ಅಂಗೀಕರಿಸಿದ, ಹಾಂಗ್‌ಕಾಂಗ್‌ನ ಮೂಲ ಕಾಯಿದೆ. ಬಂಡವಾಳಶಾಹಿ ವ್ಯವಸ್ಥೆ ಮತ್ತು ಜೀವನಕ್ರಮ 50 ವರ್ಷ ಬದಲಾಗುವುದಿಲ್ಲ ಎಂದು ಎರಡರಲ್ಲೂ ಇದೆ. ಬ್ರಿಟನ್ ಮೊದಲನೆಯದನ್ನು ಹಿಡಿದು ಇದು ಅಂತರರಾಷ್ಟ್ರೀಯ ಒಪ್ಪಂದ, ಮಾತು ಉಳಿಸಿಕೊಳ್ಳಿ ಎನ್ನುತ್ತದೆ. ಚೀನಾ ಎರಡನೆಯದನ್ನು ಹಿಡಿದು ಇದು ನಮ್ಮ ಮನೆಯ ಕಾನೂನು, ನೀವು ಯಾರು ಕೇಳಲು ಎನ್ನುತ್ತದೆ. ಜಂಟಿ ಘೋಷಣೆ ಈಗ ಬರೀ ಚಾರಿತ್ರಿಕ ದಾಖಲೆ ಎಂದು ಚೀನಾದ ವಿದೇಶಾಂಗ ವಕ್ತಾರರು 2017ರಲ್ಲಿ ಹೇಳಿಯೂಬಿಟ್ಟರು.

ನನ್ನ ಪ್ರಕಾರ ಇಡೀ ಜಗಳದ ಬೀಗದಕೈ ಇರುವುದು ಮೂಲ ಕಾಯಿದೆಯ 158ನೇ ವಿಧಿಯಲ್ಲಿ. ಕಾಯಿದೆಗೆ ಕೊನೆಯ ಅರ್ಥ ಹೇಳುವ ಅಧಿಕಾರ ಚೀನಾ ಸಂಸತ್ತಿನ ಸ್ಥಾಯಿ ಸಮಿತಿಯದು. ಹಾಂಗ್‌ಕಾಂಗ್ ಕಾಯಂ ನಿವಾಸಿಗಳಿಗೆ ಮುಖ್ಯಭೂಮಿಯಲ್ಲಿ ಹುಟ್ಟಿದ ಮಕ್ಕಳಿಗೂ ನೆಲೆಸುವ ಹಕ್ಕುಂಟು ಎಂದು 1999ರ ಜನವರಿಯಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ ತೀರ್ಪಿತ್ತಿತು. ಹದಿನಾರು ಲಕ್ಷಕ್ಕೂ ಹೆಚ್ಚು ಜನ ಬಂದುಬಿಡುತ್ತಾರೆ ಎಂದು ಲೆಕ್ಕ ಹಾಕಿದ ಹಾಂಗ್‌ಕಾಂಗ್ ಸರ್ಕಾರವೇ ಬೀಜಿಂಗ್‌ನ ಮೊರೆ ಹೋಯಿತು. ಜೂನ್‌ನಲ್ಲಿ ಸಮಿತಿ ಬೇರೆ ಅರ್ಥ ಕೊಟ್ಟಿತು. ವಕೀಲರು ಸಿಟ್ಟಾದರು, ಸರ್ಕಾರದ ಬೆನ್ನಿಗೆ ನಿಂತವರೂ ಕಡಿಮೆಯಿರಲಿಲ್ಲ. ಬೀಜಿಂಗ್‌ನ ಮಧ್ಯಪ್ರವೇಶಕ್ಕೆ ಬಾಗಿಲು ತೆರೆದುಕೊಂಡದ್ದು ಅಲ್ಲಿಂದ.

ತಲೆಮಾರುಗಳಿಂದ ಅಲ್ಲಿದ್ದ ಭಾರತೀಯ ಮೂಲದವರ ಪಾಡು ಇನ್ನೊಂದು ಬಗೆಯದು. ಚೀನಾ ತನ್ನ ಪೌರತ್ವವನ್ನು ಚೀನೀ ಮೂಲದವರಿಗಷ್ಟೇ ಅನ್ವಯಿಸಿತು. ಬ್ರಿಟನ್ ಕೊಟ್ಟ ಸಾಗರೋತ್ತರ ಪಾಸ್‌ಪೋರ್ಟಿನಲ್ಲಿ ಬ್ರಿಟನ್ನಿನಲ್ಲಿ ನೆಲೆಸುವ ಹಕ್ಕಿರಲಿಲ್ಲ. ಬಹುಕಾಲದ ಒತ್ತಾಯದ ನಂತರ 1997ರಲ್ಲಿ, ಹಸ್ತಾಂತರಕ್ಕೆ ಕೆಲವೇ ತಿಂಗಳ ಮುಂಚೆ, ಇಂಥವರಿಗೆ ಪೂರ್ಣ ಬ್ರಿಟಿಷ್ ಪೌರತ್ವ ನೀಡುವ ಕಾಯಿದೆ ಬಂತು.

2020ರ ಜೂನ್ 30ರಂದು ಬೀಜಿಂಗ್ ರಾಷ್ಟ್ರೀಯ ಭದ್ರತಾ ಕಾನೂನು ಜಾರಿಗೊಳಿಸಿತು. ಮರುವರ್ಷ ಶಾಸನಸಭೆಯ 90 ಸ್ಥಾನಗಳಲ್ಲಿ ಜನ ನೇರವಾಗಿ ಆರಿಸುವುದು 20 ಎಂದಾಯಿತು. ಮುಂಚೆ 70ರಲ್ಲಿ 35 ಇತ್ತು. 2019ರ ಸರ್ಕಾರ-ವಿರೋಧಿ ಪ್ರತಿಭಟನೆ, ಗಲಭೆಗಳ ನಂತರ ಶಾಂತಿ ಬಂತು ಎಂದು ನೆಮ್ಮದಿಪಟ್ಟ ವ್ಯಾಪಾರಿಗಳಿದ್ದಾರೆ. ಬ್ರಿಟನ್ನಿನ ಹೊಸ ವೀಸಾ ಹಿಡಿದು ಊರು ಬಿಟ್ಟವರೂ ಇದ್ದಾರೆ. ಮುಂದೆ ಹಾಂಗ್‌ಕಾಂಗ್ ಬಗ್ಗೆ ಯಾರಾದರೂ ಮಾತು ತಪ್ಪಿದರು ಎಂದು ಬರೆದರೆ, ಅವರ ಕೈಯಲ್ಲಿರುವುದು ಯಾವ ಕಾಗದ ಎಂದು ಮೊದಲು ನೋಡಿ.