ನೆಲವಿಲ್ಲದವನ ನೆಲದ ಚಿತ್ರಗಳು

ಭೂದೃಶ್ಯಗಳನ್ನು ಚಿತ್ರಿಸುವವರಲ್ಲಿ ಎರಡು ಬಗೆಯವರುಂಟು. ದಾರಿಹೋಕನಾಗಿ ಬಂದು, ಬೆಟ್ಟದ ಬಣ್ಣಕ್ಕೆ ಮನಸೋತು, ಅದನ್ನು ಕಾಗದಕ್ಕೆ ಇಳಿಸಿಕೊಂಡು ಹೋಗುವವನೊಬ್ಬ. ಆ ಬೆಟ್ಟದ ಬುಡದಲ್ಲಿಯೇ ಹುಟ್ಟಿ, ಅದರ ಹೆಸರನ್ನೂ ಕಥೆಯನ್ನೂ ಹಿರಿಯರ ಬಾಯಿಂದ ಕೇಳಿ ಬೆಳೆದವನು ಇನ್ನೊಬ್ಬ. ಇಬ್ಬರ ಚಿತ್ರಗಳೂ ಮೇಲ್ನೋಟಕ್ಕೆ ಒಂದೇ ತೆರನಾಗಿ ಕಾಣಬಹುದು. ಆದರೆ ಎರಡನೆಯವನು ಬರೆಯುವುದು ತನ್ನ ಮನೆಯನ್ನು. ಈ ಭೇದವನ್ನರಿಯಲು ಆಸ್ಟ್ರೇಲಿಯದ ಆಲ್ಬರ್ಟ್ ನಮತ್‌ಜಿರನ ಬಾಳನ್ನು ನೋಡಬೇಕು.

ಅವನು ಹುಟ್ಟಿದ್ದು 1902ರಲ್ಲಿ, ಆ ಖಂಡದ ನಡುನಾಡಿನ ಹರ್ಮನ್ಸ್‌ಬರ್ಗ್ ಎಂಬ ಲೂಥರನ್ ಮಿಷನ್ನಿನಲ್ಲಿ. ಮೂಲನಿವಾಸಿಗಳಾದ ಅರ್ರೆಂಟ ಜನರಲ್ಲಿ. ಮಿಷನ್ನಿನ ಶಿಕ್ಷಣದೊಡನೆ ತನ್ನ ಕುಲದ ದೀಕ್ಷೆಯನ್ನೂ ಪಡೆದವನು. 1936ರಲ್ಲಿ ರೆಕ್ಸ್ ಬ್ಯಾಟರ್‌ಬಿ ಎಂಬ ಬಿಳಿಯ ಚಿತ್ರಕಾರನ ಒಂಟೆಗಳನ್ನು ನಡೆಸಿಕೊಂಡು ಅವನೊಡನೆ ಸಂಚರಿಸಿದ; ಅವನಿಂದ ಜಲವರ್ಣದ ವಿದ್ಯೆಯನ್ನು ಕಲಿತ. ಎರಡೇ ವರ್ಷಗಳಲ್ಲಿ, 1938ರಲ್ಲಿ, ಮೆಲ್ಬರ್ನಿನಲ್ಲಿ ಏರ್ಪಟ್ಟ ಅವನ ಮೊದಲ ಪ್ರದರ್ಶನದ ಚಿತ್ರಗಳೆಲ್ಲವೂ ಮಾರಾಟವಾದವು.

ಆ ಚಿತ್ರಗಳಲ್ಲಿ ಮ್ಯಾಕ್‌ಡೊನೆಲ್ ಬೆಟ್ಟಸಾಲು ದೂರ ಸರಿದಂತೆಲ್ಲ ಕೆಂಪಿನಿಂದ ನೇರಳೆಗೆ, ನೇರಳೆಯಿಂದ ನೀಲಿಗೆ ತಿರುಗುತ್ತದೆ. ಮುಂಗಡೆಯಲ್ಲಿ, ನಮ್ಮಲ್ಲಿಗೂ ಬಂದು ಬೇರೂರಿರುವ ನೀಲಗಿರಿ ಮರದ ಬಳಗಕ್ಕೆ ಸೇರಿದ, ಬೂದಿ ಬಳಿದಂತೆ ಬೆಳ್ಳಗಿರುವ ಮರವೊಂದು ನಿಂತಿರುತ್ತದೆ. ಇದು ಯೂರೋಪಿನ ಶೈಲಿಯ ಅನುಕರಣೆಯೆಂದು ಹಲವು ವಿಮರ್ಶಕರು ಹಗುರವಾಗಿ ಕಂಡರು. ಕಲಿತ ಶೈಲಿ ಪರದೇಶದ್ದೆಂಬುದು ನಿಜವೇ. ಆದರೆ ಬೆಟ್ಟ, ಕಣಿವೆ, ನೀರಿನ ಮಡುಗಳೆಲ್ಲ ಆದಿಪೂರ್ವಿಕರ ಸಂಚಾರದಿಂದ ಮೂಡಿದವೆಂದು ನಂಬುವ ಅರ್ರೆಂಟ ಜನರಿಗೆ ಬರಿಯ ದೃಶ್ಯವೆಂಬುದೇ ಇಲ್ಲ. ಅವರು ನೆಲವನ್ನು ತಮ್ಮದೆನ್ನುವುದಕ್ಕಿಂತ ಮೊದಲು ತಾವೇ ನೆಲಕ್ಕೆ ಸೇರಿದವರೆಂದು ತಿಳಿಯುತ್ತಾರೆ. ನಮತ್‌ಜಿರನ ಕುಂಚ ಮತ್ತೆ ಮತ್ತೆ ಅವೇ ತಾಣಗಳಿಗೆ ಮರಳಿದುದರ ಅರ್ಥವನ್ನು ವಿಮರ್ಶೆ ಕಂಡುಕೊಂಡದ್ದು ಬಹಳ ತಡವಾಗಿ.

ಕಾನೂನಿಗೆ ಮಾತ್ರ ಈ ಸಂಬಂಧ ಕಾಣಲೇ ಇಲ್ಲ. ಚಿತ್ರಗಳಿಂದ ಬಂದ ಹಣದಲ್ಲಿ ದನಗಳನ್ನು ಸಾಕಲು ಅವನು ಹುಲ್ಲುಗಾವಲಿನ ಗುತ್ತಿಗೆಯನ್ನು ಬೇಡಿದ, ಅದು ದೊರೆಯಲಿಲ್ಲ. 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಲ್ಲಿ ಮನೆ ಕಟ್ಟಲು ಹೊರಟ. ಮೂಲನಿವಾಸಿಯೆಂಬ ಕಾರಣಕ್ಕೆ ಅದೂ ನಿರಾಕೃತವಾಯಿತು. 1953ರಲ್ಲಿ ರಾಣಿಯ ಪಟ್ಟಾಭಿಷೇಕದ ಪದಕ ಬಂದಿತು. ಮರುವರ್ಷ ರಾಣಿಯ ಭೇಟಿಯೂ ಆಯಿತು. ಅವನ ಬೆಟ್ಟಗಳು ಬಿಳಿಯರ ಮನೆಮನೆಯ ಗೋಡೆಗಳನ್ನೇರಿದವು; ಆ ಪಟ್ಟಣದಲ್ಲಿ ಅವನಿಗೊಂದು ಗೋಡೆಯೆಬ್ಬಿಸಲು ಅಂಗೈಯಗಲ ಜಾಗವಿರಲಿಲ್ಲ.

1957ರಲ್ಲಿ ಅವನಿಗೂ ಅವನ ಮಡದಿಗೂ ನಾಗರಿಕ ಹಕ್ಕುಗಳು ದೊರೆತವು, ಬಂಧುಬಳಗಕ್ಕೆ ದೊರೆಯಲಿಲ್ಲ. ಇದ್ದುದನ್ನು ಹಂಚಿಕೊಳ್ಳುವುದು ಅವನ ಕುಲಧರ್ಮ. ಮದ್ಯವನ್ನು ತನ್ನವರಿಗೆ ಕೊಡುವುದು ಸರ್ಕಾರದ ಕಣ್ಣಿನಲ್ಲಿ ಅಪರಾಧ. 1958ರಲ್ಲಿ ಶಿಕ್ಷೆಯಾಯಿತು. ಅದನ್ನು ಅನುಭವಿಸಿ ಹೊರಬಂದ ಕೆಲಕಾಲದಲ್ಲೇ, 1959ರ ಆಗಸ್ಟಿನಲ್ಲಿ, ಅವನು ತೀರಿಕೊಂಡ.

ಅವನ ಚಿತ್ರಗಳ ಹಕ್ಕುಸ್ವಾಮ್ಯವೂ 1983ರಲ್ಲಿ ಪರರಿಗೆ ಮಾರಲ್ಪಟ್ಟು, 2017ರಲ್ಲಷ್ಟೇ ಅವನ ವಂಶಜರ ಹಿತಕ್ಕಾಗಿ ಸ್ಥಾಪಿತವಾದ ನಿಧಿಗೆ ಮರಳಿತು. ಅವನ ಕುಲದವರು ಇಂದಿಗೂ ಅದೇ ಬೆಟ್ಟಗಳನ್ನು ಅದೇ ಜಲವರ್ಣದಲ್ಲಿ ಬರೆಯುತ್ತಿದ್ದಾರೆ. ಕಚೇರಿಯ ದಫ್ತರದಲ್ಲಿ ನಮತ್‌ಜಿರನ ಹೆಸರಿಗೆ ನೆಲ ದಾಖಲಾಗಲಿಲ್ಲ. ಆದರೆ ಆ ನೆಲದ ಬೆಳಗು ಬೈಗುಗಳನ್ನು ಬಲ್ಲವನು ಯಾರೆಂಬುದಕ್ಕೆ ಅವನ ಚಿತ್ರಗಳಿಗಿಂತ ಬೇರೆ ಸಾಕ್ಷಿ ಬೇಕೆ?